2018ರಲ್ಲಿ ಕೊಂಡ ಗೇಮಿಂಗ್ ಪಿಸಿ: ಇದನ್ನೇ ಅಪ್‌ಗ್ರೇಡ್ ಮಾಡಲಾ, ಹೊಸದು ಕಟ್ಟಿಸಲಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ, 2018ರಲ್ಲಿ, ಅಪ್ಪ ಕೊಡಿಸಿದ ಪಿಸಿ ಇದೆ. ರೈಜೆನ್ 3 1200 ಪ್ರೊಸೆಸರ್, ಎ320ಎಂ ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ (ಒಂದೇ ಸ್ಟಿಕ್), ಜಿಟಿಎಕ್ಸ್ 1050 ಟಿಐ 4 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್, 450 ವ್ಯಾಟ್ ಲೋಕಲ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ), 22 ಇಂಚಿನ 60 ಹರ್ಟ್ಜ್ ಮಾನಿಟರ್. ಈಗ ವ್ಯಾಲೊರಂಟ್ ಆಡುವಾಗ ಎದುರಾಳಿ ಕಂಡ ತಕ್ಷಣ ಸಿಕ್ಕಿಕೊಂಡ ಹಾಗಾಗುತ್ತದೆ. ಹೊಸ ಗೇಮ್‌ಗಳು ತೆರೆದುಕೊಳ್ಳುವುದಕ್ಕೇ ಐದು ನಿಮಿಷ ಬೇಕು. ಕೆಲವು ತೆರೆಯುವುದೇ ಇಲ್ಲ. ನನ್ನ ಹತ್ತಿರ 30,000 ರೂಪಾಯಿ ಇದೆ. ಅಂಗಡಿಯವರು ಹಳೇದನ್ನು 7,000ಕ್ಕೆ ಎಕ್ಸ್‌ಚೇಂಜ್ ಕೊಟ್ಟು, 65,000ದ ಹೊಸ ಪಿಸಿಯನ್ನು ಇಎಂಐನಲ್ಲಿ ತಗೊಳ್ಳಿ ಅನ್ನುತ್ತಿದ್ದಾರೆ. ಯಾವುದು ಸರಿ?

ಉತ್ತರ: ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಇದನ್ನೇ ಅಪ್‌ಗ್ರೇಡ್ ಮಾಡಿ. ಇಎಂಐ ಬೇಡವೇ ಬೇಡ.

ಅಪ್‌ಗ್ರೇಡ್ ಅಂದರೆ ಯಾವಾಗಲೂ ಅಗ್ಗ ಅಂತ ತಿಳಿದು ಹೀಗೆ ಹೇಳುತ್ತಿಲ್ಲ. ನೀವು ಕೊಟ್ಟ ವಿವರದಲ್ಲಿ ಒಂದೇ ಒಂದು ಪದ ನೋಡಿ ಹೇಳುತ್ತಿದ್ದೇನೆ. ಅದು ಎ320. ಆ ಜಾಗದಲ್ಲಿ ಇಂಟೆಲ್ ಪ್ರೊಸೆಸರಿನ ಹಳೇ ಬೋರ್ಡಾದ ಎಚ್81 ಅಂತ ಬರೆದಿದ್ದರೆ ನನ್ನ ಉತ್ತರ ಉಲ್ಟಾ ಇರುತ್ತಿತ್ತು. ಪಿಸಿ ಎಷ್ಟು ಹಳೇದು ಅನ್ನುವುದಕ್ಕಿಂತ ಅದರ ಮದರ್‌ಬೋರ್ಡ್ ಮುಂದಕ್ಕೆ ಎಷ್ಟು ದೂರ ಬರುತ್ತದೆ ಅನ್ನುವುದು ಮುಖ್ಯ.

ಎ320 ಬೋರ್ಡಿನಲ್ಲಿರುವುದು ಎಎಂಡಿಯ ಎಎಂ4 ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ. 2017ರಲ್ಲಿ ಮೊದಲ ರೈಜೆನ್‌ಗಳು ಕೂತದ್ದು ಇದೇ ಸಾಕೆಟ್ಟಿನಲ್ಲಿ. 2022ರ ಏಪ್ರಿಲ್‌ನಲ್ಲಿ ಬಂದ ರೈಜೆನ್ 5 5600 ಕೂರುವುದೂ ಇಲ್ಲೇ. ಮೊದಮೊದಲು ಎಎಂಡಿ 300 ಸರಣಿಯ ಬೋರ್ಡುಗಳಿಗೆ 5000 ಸರಣಿಯ ಪ್ರೊಸೆಸರ್ ಕೊಡಲು ಒಪ್ಪಿರಲಿಲ್ಲ. 2022ರಲ್ಲಿ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮೂಲಕ ಆ ಬಾಗಿಲು ತೆಗೆಯಿತು. ಹಾಗಾಗಿ 2018ರ ನಿಮ್ಮ ಬೋರ್ಡು ನಾಲ್ಕು ಕೋರ್ ನಾಲ್ಕು ಥ್ರೆಡ್‌ನಿಂದ ಆರು ಕೋರ್ ಹನ್ನೆರಡು ಥ್ರೆಡ್‌ಗೆ ಒಂದೇ ನೆಗೆತಕ್ಕೆ ಹೋಗಬಲ್ಲದು. ಅದೇ ಕಾಲದಲ್ಲಿ ಇಂಟೆಲ್ ಕೊಂಡವರಿಗೆ ಈ ಅದೃಷ್ಟ ಇರಲಿಲ್ಲ. 6 ಮತ್ತು 7ನೇ ಪೀಳಿಗೆಯ ಬೋರ್ಡಿಗೂ 8ನೇ ಪೀಳಿಗೆಯ ಬೋರ್ಡಿಗೂ ಸಾಕೆಟ್ ಹೆಸರು 1151 ಅಂತಲೇ ಇತ್ತು. ಆದರೆ ಒಂದರದು ಇನ್ನೊಂದರಲ್ಲಿ ಓಡುತ್ತಿರಲಿಲ್ಲ.

ಆದರೂ ಇವತ್ತೇ ಏನೂ ಕೊಳ್ಳಬೇಡಿ. ಮೊದಲು ಎಲ್ಲಿ ತಡೆ ಇದೆ ಅಂತ ಕಣ್ಣಾರೆ ನೋಡಿಕೊಳ್ಳಿ. ಖರ್ಚಿಲ್ಲದ ಕೆಲಸ ಇದು.

ವ್ಯಾಲೊರಂಟ್ ತೆರೆದು ನೀವು ಯಾವಾಗಲೂ ಆಡುವ ಸೆಟ್ಟಿಂಗ್‌ನಲ್ಲೇ ಪ್ರಾಕ್ಟೀಸ್ ಮ್ಯಾಪಿಗೆ ಹೋಗಿ. ಎಫ್‌ಪಿಎಸ್ (ಗೇಮ್ ಸೆಕೆಂಡಿಗೆ ಎಷ್ಟು ಚಿತ್ರ ಕೊಡುತ್ತದೆ ಅನ್ನುವ ಲೆಕ್ಕ) ಎಷ್ಟಿದೆ ಬರೆದಿಟ್ಟುಕೊಳ್ಳಿ. ಆಮೇಲೆ ರೆಸಲ್ಯೂಷನ್‌ನ್ನು 1080ಪಿಯಿಂದ 720ಪಿಗೆ ಇಳಿಸಿ. ಪರದೆ ಮಸುಕಾಗುತ್ತದೆ, ಪರವಾಗಿಲ್ಲ. ಮತ್ತೆ ಎಫ್‌ಪಿಎಸ್ ನೋಡಿ. ರೆಸಲ್ಯೂಷನ್ ಇಳಿಸಿದಾಗ ಗ್ರಾಫಿಕ್ಸ್ ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಪ್ರೊಸೆಸರ್ ಕೆಲಸ ಹಾಗೇ ಇರುತ್ತದೆ. ಎಫ್‌ಪಿಎಸ್ ಜೋರಾಗಿ ಏರಿದರೆ ತಡೆ ಇದ್ದದ್ದು ಕಾರ್ಡಿನಲ್ಲಿ. ಅಲ್ಲೇ ನಿಂತಿದ್ದರೆ ಪ್ರೊಸೆಸರ್‌ನಲ್ಲಿ. ನಿಮ್ಮ ಪಿಸಿಯಲ್ಲಿ ಅದು ಅಲ್ಲೇ ನಿಲ್ಲುತ್ತದೆ ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ವ್ಯಾಲೊರಂಟ್ ಮಾಡುವ ರಾಯಟ್ ಕಂಪನಿಯೇ 144 ಎಫ್‌ಪಿಎಸ್‌ಗೆ ಬೇಕಾದ ಕಾರ್ಡ್ ಅಂತ ಹೆಸರಿಸಿದ್ದು ನಿಮ್ಮ ಹತ್ತಿರ ಇರುವ ಇದೇ 1050 ಟಿಐ ಅನ್ನು. ಈ ಗೇಮಿನ ಮಟ್ಟಿಗೆ ಕಾರ್ಡಿನ ಮೇಲೆ ಅನುಮಾನ ಪಡಬೇಕಾಗಿಲ್ಲ.

ಇನ್ನು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಮೇಲೆ ಒತ್ತಿ. ಕೆಳಗೆ ಎರಡು ಸ್ಲಾಟ್‌ನಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ ಅಂತ ತೋರಿಸುತ್ತದೆ. ಗೇಮ್ ಜೊತೆಗೆ ಬ್ರೌಸರ್, ಡಿಸ್ಕಾರ್ಡ್ ತೆರೆದಿದ್ದರೆ 8 ಜಿಬಿ ಪೂರ್ತಿ ತುಂಬಿರುತ್ತದೆ. ತುಂಬಿದ ಮೇಲೆ ವಿಂಡೋಸ್ ಉಳಿದದ್ದನ್ನು ಹಾರ್ಡ್ ಡಿಸ್ಕಿಗೆ ಇಳಿಸುತ್ತದೆ. ಗೇಮಿಗೆ ಅದು ಮತ್ತೆ ಬೇಕಾದಾಗ ತಿರುಗುವ ಡಿಸ್ಕಿನಿಂದ ಹುಡುಕಿ ತರಬೇಕು. ಎದುರಾಳಿ ಕಂಡ ತಕ್ಷಣ ಸಿಕ್ಕಿಕೊಳ್ಳುತ್ತದೆ ಅಂದಿರಲ್ಲ, ಅದರಲ್ಲಿ ಈ ಹುಡುಕಾಟದ ಪಾಲೂ ಇರುತ್ತದೆ. ಡಿಸ್ಕ್ ಮೇಲೆ ಒತ್ತಿ ನೋಡಿ, ಆ ಹೊತ್ತಿಗೆ ಸರಿಯಾಗಿ 100 ಪರ್ಸೆಂಟ್‌ಗೆ ಏರಿರುತ್ತದೆ.

ಮೂರನೇದು ಬಿಸಿ. ಎಚ್‌ಡಬ್ಲ್ಯೂ ಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ಪ್ರೊಸೆಸರ್ ಉಷ್ಣತೆ ನೋಡಿ. ನಿಮ್ಮ 1200ರ ಮಿತಿ 95 ಡಿಗ್ರಿ. ಬಿಸಿಲುಕಾಲದ ಮಧ್ಯಾಹ್ನ ಅದರ ಹತ್ತಿರ ಹೋಗುತ್ತಿದ್ದರೆ ಕೂಲರ್ ಧೂಳು ಕಟ್ಟಿದೆ, ಅದಕ್ಕೂ ಪ್ರೊಸೆಸರ್‌ಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿದೆ ಅಂತಲೇ ಅರ್ಥ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಚ್ಚಿಲ್ಲದ ಪಿಸಿಯಲ್ಲಿ ಕೂಲರ್ ರೆಕ್ಕೆಗಳ ನಡುವೆ ಕಂಬಳಿ ಥರ ಧೂಳು ಕೂತಿರುತ್ತದೆ. ಮೆತ್ತನೆ ಬ್ರಶ್, ಬ್ಲೋವರ್, ಒಂದು ಟ್ಯೂಬ್ ಥರ್ಮಲ್ ಪೇಸ್ಟ್ ಸಾಕು. ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ.

ಈಗ ಕ್ಯಾಬಿನೆಟ್ ಪಕ್ಕದ ತಗಡು ತೆಗೆದು ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಎಲ್ಲರೂ ದಾಟಿಕೊಂಡು ಹೋಗುವ ಜಾಗ ಇದೇ.

ದೊಡ್ಡ ಅಕ್ಷರದಲ್ಲಿ 450 ಅಂತ ಇರುತ್ತದೆ. ಅದನ್ನು ಬಿಡಿ. ಕೆಳಗೆ ಸಣ್ಣ ಪಟ್ಟಿಯಲ್ಲಿ +12 ವೋಲ್ಟ್ ಅನ್ನುವ ಮನೆ ಇದೆ. ಅದರ ಕೆಳಗೆ ಎಷ್ಟು ಆಂಪ್ಸ್ ಅಂತ ನೋಡಿ. ಲೋಕಲ್ ಎಸ್‌ಎಂಪಿಎಸ್‌ಗಳಲ್ಲಿ ನಾನು 14, 16, 18 ಇಂಥ ಅಂಕಿಗಳನ್ನೇ ಹೆಚ್ಚಾಗಿ ನೋಡಿದ್ದೇನೆ. 16 ಅಂತಿಟ್ಟುಕೊಳ್ಳಿ. 12ನ್ನು 16ರಿಂದ ಗುಣಿಸಿದರೆ 192. ನಿಮ್ಮ ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ನಿಜವಾಗಿ ಸಿಗುವುದು ಈ 192 ವ್ಯಾಟ್. 450 ಅಲ್ಲ. ಈಗ ನಿಮ್ಮ ಪ್ರೊಸೆಸರ್ 65 ವ್ಯಾಟ್, ಕಾರ್ಡ್ 75 ವ್ಯಾಟ್. ಬೋರ್ಡು, ಡಿಸ್ಕು, ಫ್ಯಾನು ಸೇರಿ ಇನ್ನೊಂದು 30-40. ಈಗಲೇ ಕತ್ತಿನವರೆಗೆ ನೀರು ಬಂದಿದೆ. ನಾಳೆ 132 ವ್ಯಾಟಿನ ಆರ್‌ಎಕ್ಸ್ 6600 ಕಾರ್ಡ್ ಹಾಕಿದರೆ ಒಟ್ಟು 250ರ ಹತ್ತಿರ ಹೋಗುತ್ತದೆ. ಇಂಥ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಕೊಡುವ 8 ಪಿನ್ ಕನೆಕ್ಟರ್ ಕೂಡ ಇರುವುದಿಲ್ಲ. ಕೆಲವು ಅಂಗಡಿಯಲ್ಲಿ ಹಳೇ ಹಾರ್ಡ್ ಡಿಸ್ಕ್ ಪಿನ್ನಿಂದ ಎಳೆಯುವ ಅಡಾಪ್ಟರ್ ಕೊಟ್ಟು 'ನಡೆಯುತ್ತೆ ಬಿಡಿ' ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ.

ಕೆಲವು ವರ್ಷದ ಹಿಂದೆ ನನ್ನ ಸಂಬಂಧಿಕರ ಹುಡುಗನೊಬ್ಬ ಹೀಗೇ ಮಾಡಿಸಿಕೊಂಡಿದ್ದ. ಅಂಗಡಿಯಲ್ಲಿ ಕಾರ್ಡ್ ಕೂರಿಸಿ, ಅಡಾಪ್ಟರ್ ಸಿಕ್ಕಿಸಿ, ಡೆಸ್ಕ್‌ಟಾಪ್ ತೋರಿಸಿ ಕಳಿಸಿದ್ದರು. ಮನೆಯಲ್ಲಿ ಗೇಮ್ ಶುರು ಮಾಡಿದ ಇಪ್ಪತ್ತು ನಿಮಿಷಕ್ಕೆ ಟಪ್ ಅಂತ ಆರಿತು. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಪಿಸಿ ನನ್ನ ಹತ್ತಿರ ಬಂದಾಗ ನೋಡಿದರೆ ಅಡಾಪ್ಟರ್ ತುದಿಯಲ್ಲಿ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಪಿನ್ನಿಗೆ ಅಂಟಿಕೊಂಡಿತ್ತು. ಬೋರ್ಡೂ ಹೋಗಿತ್ತು, ಕಾರ್ಡೂ ಹೋಗಿತ್ತು. ಅವನು ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದು. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಎಸ್‌ಎಂಪಿಎಸ್. 550 ವ್ಯಾಟ್, 80 ಪ್ಲಸ್ ಬ್ರಾಂಜ್ ಪ್ರಮಾಣದ್ದು, ಐದು ವರ್ಷದ ವಾರಂಟಿ ಇರುವಂಥದ್ದು. ಇದು ಎಫ್‌ಪಿಎಸ್ ಒಂದೂ ಹೆಚ್ಚಿಸುವುದಿಲ್ಲ, ನಿಜ. ಆದರೆ ಮುಂದೆ ಎಂದಾದರೂ ಹೊಸ ಪಿಸಿ ಕಟ್ಟಿದರೂ ಇದು ನಿಮ್ಮ ಜೊತೆ ಬರುತ್ತದೆ.

ಇದರ ಜೊತೆಗೇ ಒಂದು ಮಾತು. ಮನೆಯಲ್ಲಿ ಯುಪಿಎಸ್ ಇದೆಯಾ? 600 ವಿಎ ಅಂತ ಬರೆದಿರುವ ಸಣ್ಣ ಯುಪಿಎಸ್‌ಗಳು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಎಳೆಯುತ್ತವೆ. ನಾನು ಹೇಳುತ್ತಿರುವ ಪಿಸಿ ಮಾನಿಟರ್ ಸೇರಿ ಅದರೊಳಗೆ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಕಾರ್ಡಿಗೆ ಹೋದರೆ ಯುಪಿಎಸ್ ಕೂಡ ಬದಲಿಸಬೇಕಾಗುತ್ತದೆ. ಆ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ.

ಹಾಗಾದರೆ 30,000ವನ್ನು ಹೇಗೆ ಖರ್ಚು ಮಾಡುವುದು? ಬಿಡಿಭಾಗಗಳ ಬೆಲೆ ಈಗ ವಾರಕ್ಕೊಂದು ಥರ ಇರುವುದರಿಂದ ರೂಪಾಯಿ ಲೆಕ್ಕಕ್ಕಿಂತ ಸರದಿ ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಎಸ್‌ಎಂಪಿಎಸ್, ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್), ಇನ್ನೊಂದು 8 ಜಿಬಿ ರ‍್ಯಾಮ್, ಪ್ರೊಸೆಸರ್. ಎರಡನೇ ಸುತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡ್. ನಿಮ್ಮ ದುಡ್ಡಿನಲ್ಲಿ ಮೊದಲ ಸುತ್ತು ಆರಾಮಾಗಿ ಮುಗಿಯುತ್ತದೆ. ಉಳಿದದ್ದನ್ನು ಕಾರ್ಡಿಗೆ ಎತ್ತಿಡಿ. ಅಂಗಡಿಗೆ ಹೋದವರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಕಾರ್ಡ್ ತರುತ್ತಾರೆ. ರೈಜೆನ್ 3 1200 ಜೊತೆ ಹೊಸ ಕಾರ್ಡ್ ಕೂರಿಸಿದರೆ ಕಾರ್ಡ್ ಅರ್ಧ ಹೊತ್ತು ಸುಮ್ನೆ ಕೂತಿರುತ್ತದೆ. ಪ್ರೊಸೆಸರ್ ಕೆಲಸ ಕೊಟ್ಟರೆ ತಾನೇ ಅದು ಮಾಡುವುದು?

ರ‍್ಯಾಮ್ ವಿಷಯಕ್ಕೆ ಬರೋಣ. ನಿಮ್ಮ ಹಳೇ ಪಿಸಿಗೆ ಈಗ ದಿಢೀರ್ ಬೆಲೆ ಬಂದಿರುವುದು ಇದರಿಂದಲೇ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಎಲ್ಲ ಕಡೆ ವಿಪರೀತ ಏರಿತು. ಎಐಗಾಗಿ ಕಟ್ಟುತ್ತಿರುವ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ರಾಶಿರಾಶಿಯಾಗಿ ಕೊಳ್ಳುತ್ತಿವೆ. ಈ ಚಿಪ್ ಮಾಡುವ ದೊಡ್ಡ ಕಂಪನಿಗಳು ಜಗತ್ತಿನಲ್ಲಿ ಮೂರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೂವರೂ ಹೆಚ್ಚು ಲಾಭ ಇರುವ ಕಡೆ ತಿರುಗಿದ್ದಾರೆ. ನಮ್ಮಂಥವರು ಕೊಳ್ಳುತ್ತಿದ್ದ ಕ್ರೂಷಿಯಲ್ ಬ್ರಾಂಡಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹೊಸ ಪಿಸಿ ಅಂದರೆ ಡಿಡಿಆರ್5 ರ‍್ಯಾಮ್, ಅದೂ ಕನಿಷ್ಠ 16 ಜಿಬಿ. ಅಂಗಡಿಯವರು ಹೇಳಿದ 65,000ದಲ್ಲಿ ಈ ರ‍್ಯಾಮಿನ ಪಾಲು ಎಷ್ಟು ಅಂತ ಬಿಡಿಸಿ ಕೇಳಿ, ಗೊತ್ತಾಗುತ್ತದೆ. ನಿಮ್ಮ ಬೋರ್ಡಿನಲ್ಲಿ 8 ಜಿಬಿ ಡಿಡಿಆರ್4 ಆಗಲೇ ಇದೆ. ಇನ್ನೊಂದು 8 ಜಿಬಿ ಸೇರಿಸಿದರೆ ಸಾಕು. ಎರಡು ಸ್ಟಿಕ್ ಆದ ತಕ್ಷಣ ಡ್ಯುಯಲ್ ಚಾನೆಲ್ ಆಗುತ್ತದೆ. ಪ್ರೊಸೆಸರ್‌ಗೆ ಮಾಹಿತಿ ಬರುವ ದಾರಿ ಎರಡು ಪಟ್ಟು ಅಗಲ ಆದ ಹಾಗೆ.

ಹಳೇ ಸ್ಟಿಕ್ 2400 ವೇಗದ್ದು, ಹೊಸದು 3200ದ್ದು ತಂದರೆ ಎರಡೂ 2400ರಲ್ಲೇ ಓಡುತ್ತವೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ರೈಜೆನ್‌ಗೆ 3200 ಇಲ್ಲದಿದ್ದರೆ ನಷ್ಟ ಅಂತ ಓದುತ್ತೀರಿ. ನಷ್ಟ ಇರುವುದು ನಿಜ. ಆದರೆ 60 ಹರ್ಟ್ಜ್ ಮಾನಿಟರ್ ಇಟ್ಟುಕೊಂಡವರಿಗೆ ಆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಈ ಬೆಲೆಯಲ್ಲಿ ಎರಡು ಹೊಸ ಸ್ಟಿಕ್ ಕೊಳ್ಳಿ ಅಂತ ನಾನು ಹೇಳಲಾರೆ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೂ ಪರವಾಗಿಲ್ಲ. ರ‍್ಯಾಮ್ ಸುಲಭಕ್ಕೆ ಹಾಳಾಗುವ ವಸ್ತು ಅಲ್ಲ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೋರ್ಡಿನಲ್ಲಿ ಎಂ.2 ಸ್ಲಾಟ್ ಇದ್ದರೆ ಅದರಲ್ಲಿ ಕೂರುವ ಎನ್‌ವಿಎಂಇ, ಇಲ್ಲದಿದ್ದರೆ ಕೇಬಲ್‌ನಲ್ಲಿ ಸಿಕ್ಕಿಸುವ ಸಾಟಾ. ಗೇಮ್ ಆಡುವಾಗ ಇವೆರಡರ ನಡುವೆ ನಿಮಗೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದದ್ದು ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ. ಸೈಬರ್‌ಪಂಕ್ 2077 ಥರದ ಗೇಮ್‌ಗಳು ಎಸ್‌ಎಸ್‌ಡಿ ಬೇಕೇ ಬೇಕು ಅಂತ ಷರತ್ತಿನಲ್ಲೇ ಬರೆದಿವೆ. ಹಾರ್ಡ್ ಡಿಸ್ಕನ್ನು ಫೋಟೊ, ಸಿನಿಮಾ, ಪ್ರಾಜೆಕ್ಟ್ ಫೈಲ್‌ಗೆ ಇಟ್ಟುಕೊಳ್ಳಿ.

ಪ್ರೊಸೆಸರ್‌ನಲ್ಲಿ ರೈಜೆನ್ 5 5600 ನನ್ನ ಆಯ್ಕೆ. 5500 ಸ್ವಲ್ಪ ಅಗ್ಗ. ಅದರಲ್ಲೂ ಆರು ಕೋರ್ ಇವೆ. ಆದರೆ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32 ಎಂಬಿ. ಗೇಮ್‌ಗಳಿಗೆ ಕ್ಯಾಶ್ ಬೇಕು. ಒಂದು ಸಾವಿರದೊಳಗಿನ ವ್ಯತ್ಯಾಸ ಆದರೆ 5600 ತಗೊಳ್ಳಿ. ಎರಡೂ 65 ವ್ಯಾಟಿನವು. ಬಾಕ್ಸಿನಲ್ಲೇ ಕೂಲರ್ ಬರುತ್ತದೆ. ಇದಕ್ಕಿಂತ ಮೇಲಿನ ಎಂಟು ಕೋರಿನ 105 ವ್ಯಾಟಿನ ಪ್ರೊಸೆಸರ್ ಆಸೆ ಬೇಡ. ಅಗ್ಗದ ಎ320 ಬೋರ್ಡುಗಳಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗಕ್ಕೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಅದು ತಡೆಯುವುದಿಲ್ಲ.

ಈಗ ಬಯೋಸ್. ಎಲ್ಲರೂ ಹೆದರುವುದು ಇಲ್ಲೇ. ಸರಿಯಾದ ಸರದಿಯಲ್ಲಿ ಮಾಡಿದರೆ ಹೆದರುವ ಕೆಲಸ ಅಲ್ಲ. ನಿಮ್ಮ ಬೋರ್ಡಿನ ಪೂರ್ತಿ ಹೆಸರು ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ ಆ ಹೆಸರು ಹಾಕಿ, ಪ್ರೊಸೆಸರ್ ಸಪೋರ್ಟ್ ಪಟ್ಟಿ ತೆರೆಯಿರಿ. 5600ರ ಎದುರು ಯಾವ ಬಯೋಸ್ ಆವೃತ್ತಿಯಿಂದ ಓಡುತ್ತದೆ ಅಂತ ಬರೆದಿರುತ್ತಾರೆ. 5600 ಹೆಸರೇ ಇಲ್ಲದಿದ್ದರೆ ಆ ಬೋರ್ಡಿಗೆ ದುಡ್ಡು ಹಾಕಬೇಡಿ. ಪಟ್ಟಿಯಲ್ಲಿ ಇದ್ದರೆ, ಹಳೇ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ಮೊದಲೇ 5600 ಕೂರಿಸಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಬೋರ್ಡು ಕೆಟ್ಟಿತು ಅಂತ ಗಾಬರಿಯಾಗುತ್ತೀರಿ. ಕೆಲವು ಬೋರ್ಡುಗಳಲ್ಲಿ ಹಳೇ ಆವೃತ್ತಿಯಿಂದ ನೇರವಾಗಿ ಕೊನೇ ಆವೃತ್ತಿಗೆ ಹಾರಲು ಆಗುವುದಿಲ್ಲ, ನಡುವೆ ಒಂದು ಮೆಟ್ಟಿಲು ಹತ್ತಬೇಕು. ಅದನ್ನೂ ಅದೇ ಪುಟದಲ್ಲಿ ಬರೆದಿರುತ್ತಾರೆ, ಓದಿ. ಕರೆಂಟ್ ಹೋಗಿಬಂದು ಮಾಡುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಯುಪಿಎಸ್ ಇದ್ದರೆ ಅದಕ್ಕೆ ಸಿಕ್ಕಿಸಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ ಮೊದಲು ಅದರ ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ.

ಹಳೇ ಪ್ರೊಸೆಸರ್ ತೆಗೆಯುವುದರಲ್ಲೂ ಒಂದು ಸೂಕ್ಷ್ಮ ಇದೆ. ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರ್‌ನ ಕೆಳಗೆ ಇರುತ್ತವೆ. ಒಣಗಿದ ಪೇಸ್ಟ್ ಗೋಂದಿನ ಹಾಗೆ ಹಿಡಿದಿರುತ್ತದೆ. ಕೂಲರ್‌ನ್ನು ಸೀದಾ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಕೊಂಡು ಜೊತೆಗೇ ಬರುತ್ತದೆ, ಪಿನ್ನು ಬಾಗುತ್ತದೆ. ಆದ್ದರಿಂದ ಬಿಚ್ಚುವ ಮುಂಚೆ ಹತ್ತು ನಿಮಿಷ ಗೇಮ್ ಆಡಿ ಬಿಸಿ ಮಾಡಿ. ಆಮೇಲೆ ಪಿಸಿ ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂ ತೆಗೆದು, ಕೂಲರ್‌ನ್ನು ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸಿ. ಹಿಡಿತ ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ. ಆಗ ಎತ್ತಿ.

5600 ಕೂತ ಮೇಲೆ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ 11 ಹೊಸದಾಗಿ ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ 1200ಗೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಜಾಗ ಇಲ್ಲ, 5600ಗೆ ಇದೆ. ಬಯೋಸ್‌ನಲ್ಲಿ ಎಫ್‌ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ಸೆಟ್ಟಿಂಗ್ ಆನ್ ಮಾಡಿಕೊಳ್ಳಿ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಇವೆರಡೂ ಇಲ್ಲದಿದ್ದರೆ ತೆರೆಯುವುದೇ ಇಲ್ಲ. ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಕೇಳುತ್ತದೆ.

ಇಲ್ಲಿಗೆ ಮೊದಲ ಸುತ್ತು ಮುಗಿಯಿತು. ಈ ಹಂತದಲ್ಲಿ ಒಂದು ತಿಂಗಳು ಹಾಗೇ ಆಡಿ ನೋಡಿ ಅಂತ ನಾನು ಹೇಳುತ್ತೇನೆ. ನೀವು ಮುಖ್ಯವಾಗಿ ವ್ಯಾಲೊರಂಟೇ ಆಡುವವರಾದರೆ ಎರಡನೇ ಸುತ್ತಿನ ದುಡ್ಡನ್ನು ಕಾರ್ಡಿನ ಬದಲು 144 ಹರ್ಟ್ಜ್ ಅಥವಾ ಅದಕ್ಕಿಂತ ಹೆಚ್ಚಿನ ಮಾನಿಟರ್‌ಗೆ ಹಾಕುವುದು ಜಾಣತನ. ಗೇಮ್ 140 ಎಫ್‌ಪಿಎಸ್ ಕೊಟ್ಟರೂ ನಿಮ್ಮ ಈಗಿನ ಮಾನಿಟರ್ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಉಳಿದದ್ದು ವ್ಯರ್ಥ, ಅಲ್ವಾ?

ಹೊಸ ಕಥೆಯ ಗೇಮ್‌ಗಳು ಬೇಕು ಅಂದರೆ ಮಾತ್ರ ಕಾರ್ಡ್ ಬದಲಿಸಲೇಬೇಕು. 1050 ಟಿಐ 2016ರ ಅಕ್ಟೋಬರ್‌ನಲ್ಲಿ ಬಂದದ್ದು. ಆ ಪೀಳಿಗೆಗೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ ಬರುತ್ತದೆ. ಕೆಲವು ಗೇಮ್ ತೆರೆಯುವುದೇ ಇಲ್ಲ ಅಂದಿರಲ್ಲ, ಅದಕ್ಕೂ ಕಾರಣ ಇದೆ. ಡೂಮ್: ದ ಡಾರ್ಕ್ ಏಜಸ್ ಥರದ ಗೇಮ್‌ಗಳಿಗೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಮಾಡುವ ಸರ್ಕ್ಯೂಟ್ ಕಾರ್ಡಿನಲ್ಲೇ ಇರಬೇಕು. ಸೆಟ್ಟಿಂಗ್ ಎಷ್ಟು ಇಳಿಸಿದರೂ 1050 ಟಿಐನಲ್ಲಿ ಅದು ಹುಟ್ಟುವುದಿಲ್ಲ.

ನಿಮ್ಮ 1080ಪಿ ಮಾನಿಟರ್‌ಗೆ ಆರ್‌ಎಕ್ಸ್ 6600 ಸಾಕು. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ 8 ಪಿನ್. ಡೂಮ್ ಕೇಳುವ ಕನಿಷ್ಠ ಕಾರ್ಡುಗಳಲ್ಲಿ ಇದೂ ಒಂದು. ಎಎಂಡಿ ಈ 6000 ಸರಣಿಯನ್ನು 2025ರ ಕೊನೆಗೆ ಬೇರೆ ಡ್ರೈವರ್ ಶಾಖೆಗೆ ಸರಿಸಿತು. ಗೇಮ್ ಸಪೋರ್ಟ್ ಮುಂದುವರಿಸುವುದಾಗಿಯೂ ಹೇಳಿದೆ. ಆದ್ದರಿಂದ ಸ್ವಲ್ಪವೇ ಹೆಚ್ಚಿನ ಬೆಲೆಗೆ 8 ಜಿಬಿಯ ಆರ್‌ಟಿಎಕ್ಸ್ 5050 ಹೊಸದಾಗಿ ಸಿಕ್ಕರೆ ಅದನ್ನೂ ನೋಡಿ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಬೇಡ. ಅಗ್ಗ ಇದೆ ಅಂತ ಅಂಗಡಿಯಲ್ಲಿ ಕೈಗೆ ಕೊಡುತ್ತಾರೆ. ಅದು ಬೋರ್ಡಿನ ಜೊತೆ ಮಾತಾಡಲು ನಾಲ್ಕೇ ಲೇನ್ (ಮಾಹಿತಿ ಓಡಾಡುವ ದಾರಿ) ಬಳಸುತ್ತದೆ. ಈ ದಾರಿಯ ಹೊಸ ಪೀಳಿಗೆಯಾದ ಪಿಸಿಐಇ 4 ಇರುವ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ನಿಮ್ಮ ಎ320ಯಲ್ಲಿ ಇರುವುದು ಪಿಸಿಐಇ 3, ಅಂದರೆ ಪ್ರತಿ ಲೇನಿನ ವೇಗ ಅರ್ಧ. ಅದರ 4 ಜಿಬಿ ಮೆಮೊರಿ ತುಂಬಿದ ಮೇಲೆ ಗೇಮ್ ತೆವಳುತ್ತದೆ. 6600 ಎಂಟು ಲೇನ್ ಬಳಸುವುದರಿಂದ ನಷ್ಟ ಕಡಿಮೆ. ಇಂಟೆಲ್‌ನ ಆರ್ಕ್ ಬಿ580 ಒಳ್ಳೇ ಕಾರ್ಡೇ, 12 ಜಿಬಿ ಇದೆ. ಆದರೆ ಅದಕ್ಕೆ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಟ್ಟಿಗೆ ಮುಟ್ಟುವ ಸೌಲಭ್ಯ) ಇರುವ ಬೋರ್ಡು, ಜೋರಾದ ಪ್ರೊಸೆಸರ್ ಬೇಕು. ಹಳೇ ಬೋರ್ಡಿಗೆ ಅದು ಹೊಂದುವ ಜೋಡಿ ಅಲ್ಲ.

ಇದನ್ನು ಓದುವ ಎಲ್ಲರ ಹತ್ತಿರವೂ ಎಎಂ4 ಬೋರ್ಡ್ ಇರುವುದಿಲ್ಲ. ಅವರಿಗೆ ಹೇಳುವುದಾದರೆ, ಬೋರ್ಡ್, ಪ್ರೊಸೆಸರ್, ರ‍್ಯಾಮ್ ಈ ಮೂರೂ ಒಟ್ಟಿಗೆ ಬದಲಾಗಬೇಕು ಅಂದರೆ ಅದಕ್ಕೆ ಅಪ್‌ಗ್ರೇಡ್ ಅನ್ನಬಾರದು, ಹೊಸ ಪಿಸಿ ಅಂತಲೇ ಲೆಕ್ಕ ಹಾಕಬೇಕು. 4ನೇ ಪೀಳಿಗೆಯ ಐ5, ಎಚ್81 ಬೋರ್ಡ್, ಡಿಡಿಆರ್3 ಇದ್ದರೆ ಅದಕ್ಕೆ ಎಸ್‌ಎಸ್‌ಡಿ ಬಿಟ್ಟು ಇನ್ನೇನೂ ಹಾಕಬೇಡಿ. ಆ ಎಸ್‌ಎಸ್‌ಡಿಯಾದರೂ ಮುಂದೆ ಹೊಸದಕ್ಕೆ ಬರುತ್ತದೆ. ಎಚ್110 ಇದ್ದವರದು ನಡುವಿನ ಸ್ಥಿತಿ. ಬೋರ್ಡ್ 7ನೇ ಪೀಳಿಗೆಗೇ ನಿಂತುಹೋಗುತ್ತದೆ, ಆದರೆ ಸಾಮಾನ್ಯವಾಗಿ ಅದರಲ್ಲಿರುವುದು ಡಿಡಿಆರ್4 ರ‍್ಯಾಮ್. ಆ ರ‍್ಯಾಮ್ ಉಳಿಸಿಕೊಂಡು, ಡಿಡಿಆರ್4 ತಗೊಳ್ಳುವ ಎಚ್610 ಬೋರ್ಡ್ ಮತ್ತು ಐ5 12400ಎಫ್ ಹಾಕಿದರೆ ಈಗಿನ ರ‍್ಯಾಮ್ ಬೆಲೆಯಲ್ಲಿ ದೊಡ್ಡ ಉಳಿತಾಯ. ಪೂರ್ತಿ ಹೊಸದೇ ಕಟ್ಟುವ ಶಕ್ತಿ ಇದ್ದರೆ ಎಎಂ5 ಕಡೆ ಹೋಗಿ. ಆ ಸಾಕೆಟ್ಟಿಗೆ 2027ರವರೆಗೂ ಅದಕ್ಕೆ ಆಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಎಎಂ4 ಕೊಂಡವರಿಗೆ ಇವತ್ತು ಸಿಗುತ್ತಿರುವ ಲಾಭ ಅವರಿಗೂ ಸಿಗುವ ಸಾಧ್ಯತೆ ಇದೆ.

ಅಂಗಡಿಯವರ 65,000ದ ಪಿಸಿ ಬಗ್ಗೆ ಕೂಡ ಒಂದು ಎಚ್ಚರ. 'ಐ7, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಸಮೇತ' ಅಂತ ಬೋರ್ಡ್ ಹಾಕಿದ ಪಿಸಿಗಳಲ್ಲಿ 2 ಅಥವಾ 3ನೇ ಪೀಳಿಗೆಯ ಐ7, ಅದಕ್ಕೆ ಹೊಸದಾಗಿ ಮಾಡಿದ ಎಚ್61 ಬೋರ್ಡ್, ಜಿಟಿ 730 ಕಾರ್ಡ್ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊಳೆಯುವ ಕ್ಯಾಬಿನೆಟ್, ಬಣ್ಣದ ಫ್ಯಾನ್, ಒಳಗೆ ನಿಮ್ಮ ಪಿಸಿಗಿಂತ ಹಳೇ ಎಂಜಿನ್. ಯಾರೇ ಕೊಳ್ಳಲಿ, ಪ್ರತಿ ಭಾಗದ ಪೂರ್ತಿ ಮಾಡೆಲ್ ಸಂಖ್ಯೆ ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ವಾರಂಟಿಗೆ ಹೋದಾಗ ಕೇಳುವುದು ಅದನ್ನೇ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದಾದರೆ ಬೆಂಗಳೂರಿನ ಎಸ್‌ಪಿ ರೋಡಿರಲಿ, ಒಎಲ್‌ಎಕ್ಸ್‌ನ ಮಾರಾಟಗಾರರಿರಲಿ, ಪಿಸಿಯಲ್ಲಿ ಹಾಕಿ ತೋರಿಸದೆ ದುಡ್ಡು ಕೊಡಬೇಡಿ. ಪೆನ್ ಡ್ರೈವ್‌ನಲ್ಲಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ಒಯ್ಯಿರಿ. ಹೆಸರು ಬದಲಿಸಿದ ನಕಲಿ ಎನ್‌ವಿಡಿಯಾ ಕಾರ್ಡಾದರೆ ಅದು ಹೆಸರಿನ ಮುಂದೆ ನಕಲಿ ಅಂತಲೇ ತೋರಿಸುತ್ತದೆ. ಆಮೇಲೆ ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ಹದಿನೈದು ನಿಮಿಷ ಓಡಿಸಿ. ಪರದೆಯಲ್ಲಿ ಚುಕ್ಕೆ, ಗೆರೆ, ಮಿಂಚು ಬಂದರೆ ಎದ್ದು ಬನ್ನಿ. ಫ್ಯಾನ್ ಹತ್ತಿರ ಕಿವಿ ಇಟ್ಟು ಕರಕರ ಶಬ್ದ ಇದೆಯಾ ಕೇಳಿ. ಕ್ರಿಪ್ಟೋ ಮೈನಿಂಗ್‌ಗೆ ಹಗಲೂ ರಾತ್ರಿ ಓಡಿದ ಕಾರ್ಡಾ ಅಂತ ಎಲ್ಲರೂ ಹೆದರುತ್ತಾರೆ. ಈಥೀರಿಯಂ ಮೈನಿಂಗ್ ನಿಂತದ್ದು 2022ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಇಲ್ಲಿವರೆಗೆ ಓಡಿಕೊಂಡು ಬಂದ ಕಾರ್ಡಿಗೆ ಪೇಸ್ಟ್ ಮತ್ತು ಥರ್ಮಲ್ ಪ್ಯಾಡ್ ಬದಲಿಸಿದರೆ ಹೆಚ್ಚಿನವು ಚೆನ್ನಾಗೇ ಇರುತ್ತವೆ. ಸ್ಕ್ರೂ ಮೇಲಿನ ಸ್ಟಿಕ್ಕರ್‌ಗಿಂತ ಆ ಹದಿನೈದು ನಿಮಿಷದ ಪರೀಕ್ಷೆಯನ್ನು ನಂಬಿ.

ಹೊಸ ಕಾರ್ಡ್ ಬಂದ ಮೇಲೆ 1050 ಟಿಐಯನ್ನು ಕೂಡಲೇ ಮಾರಬೇಡಿ. 5600ರ ಒಳಗೆ ಡಿಸ್‌ಪ್ಲೇ ಕೊಡುವ ಗ್ರಾಫಿಕ್ಸ್ ಇಲ್ಲ. ಹೊಸ ಕಾರ್ಡ್ ವಾರಂಟಿಗೆ ಹೋಗಿ ತಿಂಗಳಾದರೂ ಬರದಿದ್ದರೆ ಪಿಸಿ ಇದ್ದೂ ಪರದೆಯಲ್ಲಿ ಏನೂ ಬರುವುದಿಲ್ಲ. ನಿಮ್ಮದು ಕೊನೇ ವರ್ಷ, ಪ್ರಾಜೆಕ್ಟ್ ಕೆಲಸ ಬೇರೆ ಇರುತ್ತದೆ. ಹಳೇ ಕಾರ್ಡನ್ನು ಧೂಳು ಒರೆಸಿ, ಹೊಸ ಕಾರ್ಡ್ ಬಂದ ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಬೀರುವಿನಲ್ಲಿ ಇಟ್ಟಿರಿ.